ಚಿತ್ರಬಿಂದುಗಳ ಲೆಕ್ಕವೂ ಬೆಳಕಿನ ಲೆಕ್ಕವೂ

ಕಳೆದ ಬೇಸಗೆಯಲ್ಲಿ ನಮ್ಮ ಕಡೆಯ ನಾಲ್ಕಾರು ಮಂದಿ ತರುಣರು ನನ್ನನ್ನು ಕಾಣಲು ಬಂದರು. ಎಲ್ಲರೂ ಸೇಡಂ, ಚಿತ್ತಾಪುರ ತಾಲ್ಲೂಕುಗಳ ಹಳ್ಳಿಗಳವರು. ಏಕತಾರಿ ದಮ್ಮಡಿಗಳೊಡನೆ ತತ್ತ್ವಪದಗಳನ್ನು ಹಾಡುವ ವೃದ್ಧರು ತಮ್ಮ ಊರುಗಳಲ್ಲಿ ಒಬ್ಬೊಬ್ಬರಾಗಿ ಕಣ್ಮರೆಯಾಗುತ್ತಿರುವುದನ್ನು ಕಂಡು, ಉಳಿದವರ ಹಾಡನ್ನಾದರೂ ಚಿತ್ರದಲ್ಲಿ ಹಿಡಿದಿಡಬೇಕೆಂದು ಅವರು ಹಣ ಕೂಡಿಸಿದ್ದರು. "ಸರ್, ಯಾವ ಕ್ಯಾಮರಾ ತಗೋಬೇಕ್ರಿ? 4ಕೆ ಇದ್ದದ್ದೇ ತಗೊಂಡ್ರ ಛಲೋ ಅಲ್ರಿ?" ಎಂಬುದು ಅವರ ಪ್ರಶ್ನೆ. ಇದ್ದ ಹಣವೆಲ್ಲ ಕ್ಯಾಮರಾಕ್ಕೇ ಮುಗಿಯುವಂತಿತ್ತು. ಮೈಕ್ರೊಫೋನಿನ ವಿಷಯವನ್ನಾಗಲಿ, ತೆಗೆದ ಚಿತ್ರವನ್ನು ಎಲ್ಲಿಡುವುದೆಂಬುದನ್ನಾಗಲಿ ಅವರು ಯೋಚಿಸಿರಲಿಲ್ಲ.

ಈ ಪ್ರಶ್ನೆ ಅವರೊಬ್ಬರದಲ್ಲ. ಶಾಲೆಗಳು, ನಾಟಕದ ಸಂಘಗಳು, ಮಠಗಳು, ಮದುವೆಯ ಚಿತ್ರ ತೆಗೆದು ಜೀವಿಸುವವರು, ಎಲ್ಲರೂ ಇಂದು ಇದನ್ನೇ ಕೇಳುತ್ತಾರೆ. ಅಂಗಡಿಯವರು ಕೊಡುವ ಉತ್ತರ ಯಾವಾಗಲೂ ಒಂದು ಸಂಖ್ಯೆಯ ರೂಪದಲ್ಲಿರುವುದು. ಸಂಖ್ಯೆ ದೊಡ್ಡದಾದಷ್ಟೂ ಕ್ಯಾಮರಾ ಉತ್ತಮವೆಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಈ ನಂಬಿಕೆ ಭೌತವಿಜ್ಞಾನದ ಪರೀಕ್ಷೆಯಲ್ಲಿ ನಿಲ್ಲಲಾರದೆಂಬುದೂ, ಅದನ್ನು ನೆಚ್ಚಿದರೆ ನಮ್ಮ ಭಾಗದಲ್ಲಿ ಮತ್ತೆ ದೊರೆಯದ ಕೆಲವನ್ನು ಕಳೆದುಕೊಳ್ಳುವೆವೆಂಬುದೂ ನನ್ನ ಅಭಿಪ್ರಾಯ.

ನಮ್ಮ ನಾಡು ಚಲಿಸುವ ಚಿತ್ರಕ್ಕೆ ಹೊಸತಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ದೂರದರ್ಶನ ಪ್ರಯೋಗಕ್ಕೆ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿದಾಗ, ಕರ್ನಾಟಕದಿಂದ ಸೇರಿದ ಜಿಲ್ಲೆಗಳು ಗುಲ್ಬರ್ಗ, ರಾಯಚೂರು ಮತ್ತು ವಿಜಾಪುರ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದ ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹದಿಂದ ಬಂದ ಚಿತ್ರವನ್ನು ತಂತಿಬಲೆಯ ದೊಡ್ಡ ಬುಟ್ಟಿಗಳು ಹಿಡಿದು ಹಳ್ಳಿಯ ಪೆಟ್ಟಿಗೆಗೆ ಇಳಿಸುತ್ತಿದ್ದವು. 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರವೇ ಆರಂಭವಾಯಿತು. ಬೆಂಗಳೂರಿಗೆ ಆ ಭಾಗ್ಯ ಬಂದದ್ದು ಅದರ ತರುವಾಯ. ಆದರೆ ಅಂದು ನಾವು ನೋಡುವವರಾಗಿದ್ದೆವು. ಚಿತ್ರ ಮಾಡುವವರು ಬೇರೆಯವರಾಗಿದ್ದರು. ಇಂದು ಮಾಡುವ ಸಾಧನ ನಮ್ಮ ಕೈಗೇ ಬಂದಿದೆ. ಸಾಧನ ಕೈಗೆ ಬಂದಾಗ ಅದರ ತತ್ತ್ವವನ್ನೂ ಅರಿಯಬೇಕಾದುದು ನ್ಯಾಯ.

ಸಂಖ್ಯೆಯ ಮಹಿಮೆ ಎಷ್ಟು?

ಹೈ ಡೆಫಿನಿಷನ್ ಎಂದು ಕರೆಯುವ ಪೂರ್ಣ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುತ್ತವೆ, ಒಟ್ಟು 20,73,600. 4ಕೆ ಎಂದು ಮಾರುವ ಚಿತ್ರದಲ್ಲಿ 3840ಕ್ಕೆ 2160, ಅಂದರೆ ಇದರ ಸರಿಯಾಗಿ ನಾಲ್ಕು ಪಟ್ಟು. ಹಳೆಯ ದೂರದರ್ಶನದ 720ಕ್ಕೆ 576ರ ಚಿತ್ರಕ್ಕೆ ಹೋಲಿಸಿದರೆ ಎಚ್.ಡಿ. ಚಿತ್ರವೇ ಐದು ಪಟ್ಟು ಸಮೃದ್ಧ.

ಈ ಬಿಂದುಗಳನ್ನು ನೋಡಬೇಕಾದುದು ಮನುಷ್ಯನ ಕಣ್ಣು. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನಕ್ಕಿಂತ ಚಿಕ್ಕದಾದ ವಿವರಗಳನ್ನು ಸಾಮಾನ್ಯ ದೃಷ್ಟಿ ಬೇರೆ ಬೇರೆಯಾಗಿ ಗುರುತಿಸಲಾರದು. ಎರಡು ಮೀಟರ್ ಅಗಲದ ತೆರೆಯ ಮೇಲೆ ಎಚ್.ಡಿ. ಚಿತ್ರದ ಒಂದು ಬಿಂದು ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು. ಲೆಕ್ಕ ಹಾಕಿ ನೋಡಿದರೆ, ಸುಮಾರು ಮೂರೂವರೆ ಮೀಟರಿನಿಂದಾಚೆ ಕುಳಿತವನಿಗೆ ಈ ಬಿಂದುಗಳು ಕೂಡಿಹೋಗುವುವು. ಶಾಲೆಯ ಸಭಾಂಗಣದಲ್ಲಿ ಹೆಚ್ಚಿನವರೆಲ್ಲ ಅದಕ್ಕಿಂತ ದೂರದಲ್ಲೇ ಕುಳಿತಿರುತ್ತಾರೆ. ಅವರ ಪಾಲಿಗೆ 4ಕೆಯ ಹೆಚ್ಚುವರಿ ಅರವತ್ತೆರಡು ಲಕ್ಷ ಬಿಂದುಗಳು ಇದ್ದೂ ಇಲ್ಲದಂತೆಯೇ.

4ಕೆ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಶಾಸನದ ಅಕ್ಷರಗಳನ್ನು ಹತ್ತಿರದಿಂದ ಓದಬೇಕಾದಾಗ, ಚಿತ್ರದ ಒಂದು ಭಾಗವನ್ನು ಆಮೇಲೆ ಕತ್ತರಿಸಿ ಹಿಗ್ಗಿಸಬೇಕಾದಾಗ ಅದರ ಉಪಯೋಗ ನಿಜವಾದುದು. ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಉಂಟು.

ಬೆಳಕಿನ ಲೆಕ್ಕ

ಬೆಳಕು ಫೋಟಾನುಗಳೆಂಬ ಕಣಗಳಾಗಿ ಬರುವುದೆಂಬ ವಿಚಾರವನ್ನು ಐನ್‌ಸ್ಟೈನರು ಮುಂದಿಟ್ಟುದು 1905ರಲ್ಲಿ. ಕ್ಯಾಮರಾದ ಸಂವೇದಕದ ಪ್ರತಿಯೊಂದು ಬಿಂದುವೂ ಮಳೆಯಲ್ಲಿಟ್ಟ ಬಟ್ಟಲಿನಂತೆ. ಹನಿಗಳನ್ನು ಎಣಿಸುವುದೇ ಅದರ ಕೆಲಸ. ಆದರೆ ಹನಿಗಳು ಸಮಸಮವಾಗಿ ಬೀಳುವುದಿಲ್ಲ. ಸರಾಸರಿ 10,000 ಫೋಟಾನುಗಳು ಬೀಳುವಲ್ಲಿ ಏರಿಳಿತ ಅದರ ವರ್ಗಮೂಲದಷ್ಟು, ಎಂದರೆ ನೂರು. ಇದು ನೂರಕ್ಕೆ ಒಂದು ಪಾಲು, ಕಣ್ಣಿಗೆ ತಿಳಿಯದು. 400 ಬೀಳುವಲ್ಲಿ ಏರಿಳಿತ 20; ನೂರಕ್ಕೆ ಐದು ಪಾಲು. 100 ಬೀಳುವಲ್ಲಿ 10; ನೂರಕ್ಕೆ ಹತ್ತು ಪಾಲು. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಇರುವೆಗಳು ಹರಿದಾಡಿದಂತೆ ಕಾಣುವುದು ಈ ಕಾರಣದಿಂದಲೇ.

ಒಂದೇ ಅಳತೆಯ ಸಂವೇದಕದಲ್ಲಿ ಬಿಂದುಗಳನ್ನು ನಾಲ್ಕು ಪಟ್ಟು ಮಾಡಿದರೆ ಬಟ್ಟಲಿನ ಬಾಯಿ ಕಾಲುಭಾಗವಾಗುವುದು. 400 ಫೋಟಾನು ಬೀಳುತ್ತಿದ್ದೆಡೆ ನೂರೇ ಬೀಳುವುವು, ಕಲಬೆರಕೆ ಇಮ್ಮಡಿಯಾಗುವುದು. ನಾಲ್ಕು ಬಿಂದುಗಳನ್ನು ಮತ್ತೆ ಕೂಡಿಸಿ ಈ ನಷ್ಟವನ್ನು ಬಹುಮಟ್ಟಿಗೆ ತುಂಬಬಹುದೆಂದು ವಾಚಕರು ಹೇಳಬಹುದು. ಅದು ಸರಿಯೇ, ಆದರೆ ಹಾಗೆ ಕೂಡಿಸಿದ ಮೇಲೆ ಉಳಿಯುವುದು ಮತ್ತೆ ಎಚ್.ಡಿ. ಚಿತ್ರವೇ ಅಲ್ಲವೆ?

ಆದುದರಿಂದ ಕ್ಯಾಮರಾ ಕೊಳ್ಳುವವನು ಮೊದಲು ಕೇಳಬೇಕಾದುದು ಬಿಂದುಗಳೆಷ್ಟು ಎಂದಲ್ಲ, ಸಂವೇದಕ ಎಷ್ಟು ದೊಡ್ಡದು ಎಂದು. 1/3 ಅಂಗುಲದ್ದೆಂದು ಕರೆಯುವ ಸಂವೇದಕದ ಅಗಲ ಸುಮಾರು 4.8 ಮಿಲಿಮೀಟರ್; 1 ಅಂಗುಲದ್ದೆಂದು ಕರೆಯುವುದರ ಅಗಲ 13.2 ಮಿಲಿಮೀಟರ್. ಈ ಹೆಸರುಗಳು ಹಳೆಯ ಕಾಲದ ಚಿತ್ರನಳಿಗೆಗಳ ವ್ಯಾಸದಿಂದ ಬಂದವು. ಸಂವೇದಕದ ನಿಜವಾದ ಅಳತೆಯನ್ನು ಹೇಳುವುದಿಲ್ಲ. ಎರಡನೆಯದು ಮೊದಲನೆಯದರ ಏಳೂವರೆ ಪಟ್ಟು ಕ್ಷೇತ್ರವುಳ್ಳದ್ದು. ಮಸೂರದ ದ್ವಾರಸಂಖ್ಯೆ ಒಂದೇ ಆಗಿದ್ದರೆ ಅಷ್ಟೇ ಪಟ್ಟು ಬೆಳಕನ್ನು ಕೂಡಿಸಬಲ್ಲದು. ತತ್ತ್ವಪದದ ಮೇಳ ನಡೆಯುವುದು ಹಗಲಿನಲ್ಲಲ್ಲ. ರಾತ್ರಿ, ಒಂದೆರಡು ದೀಪಗಳ ಕೆಳಗೆ. ಚಿಂಚೋಳಿಯ ಕಾಡಿನಲ್ಲಿ ಪ್ರಾಣಿಗಳು ಹೊರಬರುವುದು ಮುಸ್ಸಂಜೆಯಲ್ಲಿ. ನಮಗೆ ಬೇಕಾದುದು ದೊಡ್ಡ ಬಟ್ಟಲೇ ಹೊರತು ಹೆಚ್ಚು ಬಟ್ಟಲುಗಳಲ್ಲ. ಚಿಕ್ಕ ಸಂವೇದಕದ ಹೊಸ 4ಕೆ ಕ್ಯಾಮರಾಕ್ಕಿಂತ ದೊಡ್ಡ ಸಂವೇದಕದ, ಒಬ್ಬರ ಕೈದಾಟಿ ಬಂದ ಎಚ್.ಡಿ. ಕ್ಯಾಮರಾ ಇಂಥ ಕೆಲಸಕ್ಕೆ ಮೇಲೆಂದು ನಾನು ಆ ತರುಣರಿಗೆ ಹೇಳಿದೆನು.

ಬೆಳಕು ಅತಿಯಾದಾಗಲೂ ತೊಂದರೆ ತಪ್ಪಿದ್ದಲ್ಲ. ಶಹಾಬಾದಿನ ಕಲ್ಲಿನ ಗಣಿಯಲ್ಲಿ ನಡುಹಗಲು ಚಿತ್ರ ತೆಗೆಯುವವನ ಕ್ಯಾಮರಾ, ಬೆಳಕನ್ನು ತಡೆಯಲು ತನ್ನ ದ್ವಾರವನ್ನು ಕಿರಿದುಮಾಡುತ್ತ ಹೋಗುವುದು. ದ್ವಾರ ಕಿರಿದಾದಂತೆ ಬೆಳಕಿನ ಅಲೆಗಳು ಅಂಚಿನಲ್ಲಿ ಬಾಗಿ ಹರಡುವುವು. ಒಂದು ಚುಕ್ಕೆಯ ಬಿಂಬ ಚುಕ್ಕೆಯಾಗಿ ಉಳಿಯದೆ ಪುಟ್ಟ ತಟ್ಟೆಯಾಗುವುದು. ದ್ವಾರಸಂಖ್ಯೆ 8 ಇದ್ದಾಗ ಹಸುರು ಬೆಳಕಿನ ಈ ತಟ್ಟೆಯ ವ್ಯಾಸ ಸುಮಾರು 10.7 ಮೈಕ್ರಾನ್. 1/3 ಅಂಗುಲದ ಎಚ್.ಡಿ. ಸಂವೇದಕದ ಬಿಂದು ಎರಡೂವರೆ ಮೈಕ್ರಾನ್. 4ಕೆ ಆದರೆ ಒಂದೂಕಾಲು. ನಾಲ್ಕು, ಎಂಟು ಬಿಂದುಗಳನ್ನು ಒಂದೇ ತಟ್ಟೆ ಮುಚ್ಚಿಕೊಂಡಮೇಲೆ ಬಿಂದುಗಳ ಸಂಖ್ಯೆಯಿಂದ ಏನು ಲಾಭ? ಎನ್.ಡಿ. ಫಿಲ್ಟರ್ ಎಂಬ ಬೂದುಗಾಜನ್ನು ಮಸೂರದ ಮುಂದಿಟ್ಟರೆ ದ್ವಾರವನ್ನು ಅಗಲವಾಗಿಯೇ ಇರಿಸಿ ಈ ದೋಷವನ್ನು ತಪ್ಪಿಸಬಹುದು. ಹಲವು ಒಳ್ಳೆಯ ಕ್ಯಾಮ್‌ಕಾರ್ಡರುಗಳಲ್ಲಿ ಅದು ಒಳಗೇ ಇರುತ್ತದೆ. ನಮ್ಮ ಬಿಸಿಲಿನ ಸೀಮೆಯಲ್ಲಿ ಅದು ಅಲಂಕಾರದ ವಸ್ತುವಲ್ಲ.

ಬೆಳಕಿನ ದಿಕ್ಕನ್ನೂ ಮರೆಯಲಾಗದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯ ಸ್ತೂಪದಲ್ಲಿ ದೊರೆತ ಶಿಲಾಫಲಕಗಳು ತೆಳುವಾದ ಉಬ್ಬುಗೆತ್ತನೆಯವು. ಅವುಗಳಲ್ಲಿ ಒಂದರ ಮೇಲೆ 'ರಾಯೋ ಅಸೋಕೋ' ಎಂಬ ಬರಹದೊಡನೆ ಅಶೋಕ ಚಕ್ರವರ್ತಿಯ ಚಿತ್ರವಿದೆ. ಶಿಲೆಯ ಮೈಗೆ 75 ಡಿಗ್ರಿ ಕೋನದಲ್ಲಿ ಬೆಳಕು ಬಿದ್ದರೆ ಒಂದು ಸೆಂಟಿಮೀಟರ್ ಉಬ್ಬಿನ ನೆರಳು ಕಾಲು ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು. 15 ಡಿಗ್ರಿಯಲ್ಲಿ ಬಿದ್ದರೆ ಸುಮಾರು 3.7 ಸೆಂಟಿಮೀಟರ್. ಉಬ್ಬನ್ನು ಕಣ್ಣಿಗೆ ತೋರಿಸುವುದು ಈ ನೆರಳೇ. ಇಂಥ ಸ್ಥಳದಲ್ಲಿ ಅನುಮತಿ ಪಡೆದು ಚಿತ್ರ ತೆಗೆಯುವವನು ಓರೆಬೆಳಕಿಗಾಗಿ ಕಾದು ಕುಳಿತರೆ ಯಾವ ಬೆಲೆಯ ಕ್ಯಾಮರಾವೂ ಕೊಡಲಾರದ ಸ್ಪಷ್ಟತೆ ಅವನಿಗೆ ಪುಕ್ಕಟೆಯಾಗಿ ದೊರೆಯುವುದು.

ಕಾಲದ ಲೆಕ್ಕ

ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳುಳ್ಳದ್ದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ ನೂರು ಬಾರಿ ಹೆಚ್ಚಿ ಕುಗ್ಗುವುವು, ಅಗ್ಗದ ಎಲ್.ಇ.ಡಿ. ದೀಪಗಳಲ್ಲಿ ಇದು ಇನ್ನೂ ತೀವ್ರ. ಕ್ಯಾಮರಾದ ಕಣ್ಣು 1/50 ಸೆಕೆಂಡು ತೆರೆದಿದ್ದರೆ ಪ್ರತಿ ಬಾರಿಯೂ ಸರಿಯಾಗಿ ಎರಡು ಮಿಡಿತಗಳು ಒಳಸೇರುವುವು. 1/60 ಸೆಕೆಂಡು ತೆರೆದಿದ್ದರೆ ಒಂದೂ ಮುಕ್ಕಾಲಿಗಿಂತ ತುಸು ಕಡಮೆ ಮಿಡಿತ ಸೇರುವುದು. ಒಮ್ಮೆ ಹೆಚ್ಚು, ಒಮ್ಮೆ ಕಡಮೆ. ಚಿತ್ರದ ಮೇಲೆ ಕಪ್ಪು ಪಟ್ಟಿಗಳು ತೇಲಾಡುವುದು ಇದರಿಂದಲೇ. ಅಮೆರಿಕದಲ್ಲಿ ವಿದ್ಯುತ್ತಿನ ಆವರ್ತನ 60 ಆದುದರಿಂದ, ಅಲ್ಲಿಯ ಬಂಧುಗಳಿಂದ ತರಿಸಿದ ಕ್ಯಾಮರಾಗಳು ಕೆಲವೊಮ್ಮೆ ಸೆಕೆಂಡಿಗೆ 30 ಅಥವಾ 60 ಚಿತ್ರಗಳನ್ನು ಮಾತ್ರ ತೆಗೆಯುವುವು. ಕೊಳ್ಳುವ ಮುನ್ನ ಅದು 25 ಅಥವಾ 50 ಚಿತ್ರಗಳನ್ನು ತೆಗೆಯಬಲ್ಲುದೆ ಎಂದು ನೋಡಿಕೊಳ್ಳಬೇಕು. ಅರ್ಧರ್ಧ ಸಾಲುಗಳಾಗಿ ಹೆಣೆದ ಚಿತ್ರವನ್ನು ಬಿಟ್ಟು ಇಡಿಯ ಚಿತ್ರವನ್ನೇ ಒಮ್ಮೆಗೆ ದಾಖಲಿಸುವ ಕ್ರಮವನ್ನು ಆರಿಸುವುದೂ ಮೇಲು.

ಇನ್ನೊಂದು ವಿಚಿತ್ರವನ್ನು ವಾಡಿ ಜಂಕ್ಷನ್ನಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ನಿಲ್ಲದೆ ಹಾದುಹೋಗುವ ರೈಲನ್ನು ಮೊಬೈಲಿನಲ್ಲಿ ಚಿತ್ರಿಸಿದರೆ ಡಬ್ಬಿಗಳ ಬಾಗಿಲುಗಳು ಓರೆಯಾಗಿ ಕಾಣುವುವು. ಸಂವೇದಕದ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಒಂದಾದ ಮೇಲೊಂದರಂತೆ ಓದುವುದೇ ಇದಕ್ಕೆ ಕಾರಣ. ಗಂಟೆಗೆ 72 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ 20 ಮೀಟರ್ ಓಡುವುದು. ಮೊದಲ ಸಾಲಿನಿಂದ ಕೊನೆಯ ಸಾಲಿಗೆ 1/50 ಸೆಕೆಂಡು ಹಿಡಿದರೆ ಅಷ್ಟರಲ್ಲಿ ರೈಲು 40 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಬಿಂದುಗಳು ಹೆಚ್ಚಿದ್ದರೆ ಓದಲು ಹಿಡಿಯುವ ಕಾಲವೂ ಸಾಮಾನ್ಯವಾಗಿ ಹೆಚ್ಚುವುದು. ಓಟ, ಕುಣಿತ, ಜಾತ್ರೆಯ ತೇರು ಇವುಗಳನ್ನು ಚಿತ್ರಿಸುವವರು ಅಂಗಡಿಯಲ್ಲೇ ಕ್ಯಾಮರಾವನ್ನು ಬೇಗಬೇಗ ಅತ್ತಿತ್ತ ತಿರುಗಿಸಿ ಕಂಬಗಳು ಬಾಗುವುವೆ ಎಂದು ನೋಡಬೇಕು.

ಸ್ಥಿರಚಿತ್ರದ ಕ್ಯಾಮರಾಗಳಲ್ಲಿ ಹಲವು 29 ನಿಮಿಷ 59 ಸೆಕೆಂಡುಗಳಿಗೆ ತಾವಾಗಿ ನಿಲ್ಲುವಂತೆ ರಚಿತವಾಗಿದ್ದವು; ಅದಕ್ಕೆ ಯೂರೋಪಿನ ಸುಂಕದ ನಿಯಮ ಕಾರಣ. ಹಳೆಯದನ್ನು ಕೊಳ್ಳುವವರು ಇದನ್ನು ತಿಳಿದಿರಬೇಕು. ಕ್ಯಾಮರಾ ಕೆಲಸ ಮಾಡಲು ತಯಾರಕರು ಗೊತ್ತುಪಡಿಸುವ ಉಷ್ಣತೆ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ಸೆಲ್ಸಿಯಸ್. ನಮ್ಮ ಮೇ ತಿಂಗಳ ಮಧ್ಯಾಹ್ನ ಆ ಮೇರೆಯನ್ನು ಮೀರುವುದು. 4ಕೆ ಚಿತ್ರ ತೆಗೆಯುವಾಗ ಒಳಗಿನ ವಿದ್ಯುನ್ಮಂಡಲಕ್ಕೆ ಕೆಲಸ ಹೆಚ್ಚು, ಕಾವೂ ಹೆಚ್ಚು. ಹಾಡು ಅರ್ಧದಲ್ಲಿರುವಾಗಲೇ ಕ್ಯಾಮರಾ ಮುಚ್ಚಿಕೊಂಡರೆ ಆಶ್ಚರ್ಯಪಡಬೇಕಾದುದಿಲ್ಲ. ಬಹಳ ಹೊತ್ತು ಬಿಡದೆ ದಾಖಲಿಸುವುದಕ್ಕೆಂದೇ ರಚಿಸಿದ ಕ್ಯಾಮ್‌ಕಾರ್ಡರ್ ಈ ವಿಷಯದಲ್ಲಿ ಇಂದಿಗೂ ಹೆಚ್ಚು ನಂಬಿಕೆಗೆ ಅರ್ಹ.

ದನಿಯ ಲೆಕ್ಕ

ಹಾಡನ್ನು ದಾಖಲಿಸಲು ಹೊರಟವರು ದನಿಯನ್ನು ಮರೆಯುವುದು ಬೆರಗಿನ ಸಂಗತಿ. ಚಿತ್ರ ಸ್ವಲ್ಪ ಮಸುಕಾದರೆ ನೋಡುವವನು ಸಹಿಸುವನು. ಪದ ಕೇಳಿಸದಿದ್ದರೆ ಎದ್ದುಹೋಗುವನು. ಬಯಲಿನಲ್ಲಿ ದನಿಯ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದು. ಎರಡು ಮೀಟರ್ ಆಚೆಯ ಕ್ಯಾಮರಾದ ಮೇಲಿರುವ ಮೈಕ್ರೊಫೋನಿಗಿಂತ ಹಾಡುವವನ ಎದೆಯ ಬಳಿ 20 ಸೆಂಟಿಮೀಟರ್ ದೂರದಲ್ಲಿಟ್ಟ ಮೈಕ್ರೊಫೋನಿಗೆ ಅವನ ದನಿ ನೂರುಪಟ್ಟು ತೀವ್ರವಾಗಿ ತಲಪುವುದು. ಬೀಸಣಿಗೆಯ ಸದ್ದು, ನೆರೆದವರ ಮಾತು ಇದ್ದಷ್ಟೇ ಇರುವುವು. ಈ ನೂರುಪಟ್ಟನ್ನು ಕ್ಯಾಮರಾಕ್ಕೆ ಸುರಿದ ಯಾವ ಹಣವೂ ತರಲಾರದು. ಆದಕಾರಣ ಹೊರಗಿನ ಮೈಕ್ರೊಫೋನನ್ನು ಸಿಕ್ಕಿಸುವ ಕಿಂಡಿಯಿಲ್ಲದ ಕ್ಯಾಮರಾವನ್ನು, ಅದರ ಉಳಿದ ಗುಣಗಳೇನೇ ಇರಲಿ, ಹಾಡಿನ ಕೆಲಸಕ್ಕೆ ಕೊಳ್ಳಬಾರದು.

ನಾಟಕವನ್ನು ಸಭಿಕರ ಹಿಂದಿನಿಂದ ಚಿತ್ರಿಸುವವರಿಗೂ ಒಂದು ಮಾತು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದು. ರಂಗದಿಂದ 34 ಮೀಟರ್ ದೂರದಲ್ಲಿ ನಿಂತ ಕ್ಯಾಮರಾಕ್ಕೆ ಮಾತು ಹತ್ತನೆಯ ಒಂದು ಸೆಕೆಂಡು, ಎಂದರೆ ಎರಡೂವರೆ ಚಿತ್ರಗಳಷ್ಟು ತಡವಾಗಿ ಬರುವುದು. ತುಟಿಯೂ ಮಾತೂ ಹೊಂದದೆ ಕಾಣುವುದಕ್ಕೆ ಅಷ್ಟು ಸಾಕು.

ಸಂಕೋಚವೂ ಸಂಕಲನವೂ

ಎಚ್.ಡಿ. ಚಿತ್ರವನ್ನು ಇದ್ದದ್ದಿದ್ದಂತೆ ದಾಖಲಿಸಿದರೆ, ಬಿಂದುವಿಗೆ 16 ಬಿಟ್ಟುಗಳಂತೆ ಸೆಕೆಂಡಿಗೆ 25 ಚಿತ್ರಗಳಿಗೆ ಸುಮಾರು 83 ಕೋಟಿ ಬಿಟ್ಟುಗಳಾಗುವುವು. 2006ರಲ್ಲಿ ಬಂದ ಎ.ವಿ.ಸಿ.ಎಚ್.ಡಿ. ಎಂಬ ಕ್ರಮ ಅದನ್ನು 2.4 ಕೋಟಿಗೆ ಇಳಿಸಿತು. ಮೂವತ್ತೈದು ಪಾಲಿನಲ್ಲಿ ಒಂದು ಪಾಲು. ಇದು ಸಾಧ್ಯವಾದುದು ಹೀಗೆ: ಹತ್ತಾರು ಚಿತ್ರಗಳಲ್ಲಿ ಒಂದನ್ನು ಮಾತ್ರ ಇಡಿಯಾಗಿ ಬರೆದುಕೊಂಡು, ಉಳಿದವುಗಳಲ್ಲಿ ಹಿಂದುಮುಂದಿನ ಚಿತ್ರಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆಯುವುದು. ನೋಡುವುದಕ್ಕೆ ಇದು ಸಾಕು. ಆದರೆ ಸಂಕಲನ ಮಾಡುವವನು ನಡುವಿನ ಒಂದು ಚಿತ್ರದಲ್ಲಿ ಕತ್ತರಿಸಬೇಕೆಂದರೆ ಗಣಕಯಂತ್ರ ಅದರ ಅಕ್ಕಪಕ್ಕದ ಚಿತ್ರಗಳನ್ನೆಲ್ಲ ಬಿಡಿಸಿ ಲೆಕ್ಕ ಹಾಕಬೇಕಾಗುವುದು. ಸಾಧಾರಣ ಯಂತ್ರಗಳು ಏದುಸಿರುಬಿಡುವುದು ಇಲ್ಲಿಯೇ.

ಇದಕ್ಕೆ ಎರಡು ದಾರಿಗಳುಂಟು. ಪ್ರತಿ ಚಿತ್ರವನ್ನೂ ಸ್ವತಂತ್ರವಾಗಿ ಬರೆಯುವ ಪ್ರೋರೆಸ್ ಅಥವಾ ಡಿ.ಎನ್.ಎಕ್ಸ್.ಎಚ್.ಡಿ. ಕ್ರಮಕ್ಕೆ ಮೊದಲು ಪರಿವರ್ತಿಸಿಕೊಳ್ಳುವುದು ಒಂದು. ಪ್ರೋರೆಸ್ 422ರಲ್ಲಿ ಸೆಕೆಂಡಿಗೆ ಸುಮಾರು 12.2 ಕೋಟಿ ಬಿಟ್ಟುಗಳು. ಗಂಟೆಯ ಚಿತ್ರಕ್ಕೆ 55 ಗಿಗಾಬೈಟ್. ಮೂಲದ ಗಂಟೆಗೆ ಬೇಕಾದುದು 11 ಗಿಗಾಬೈಟ್ ಮಾತ್ರ. ಎರಡನೆಯ ದಾರಿ, ಚಿಕ್ಕ ಗಾತ್ರದ ನಕಲನ್ನು ಮಾಡಿಕೊಂಡು ಅದರ ಮೇಲೆ ಕತ್ತರಿ ಆಡಿಸಿ, ಕೊನೆಯಲ್ಲಿ ಯಂತ್ರವು ಮೂಲವನ್ನೇ ಜೋಡಿಸುವಂತೆ ಮಾಡುವುದು. ಹಳೆಯ ಗಣಕಯಂತ್ರವಿರುವ ನಮ್ಮಂಥವರಿಗೆ ಎರಡನೆಯದೇ ತಕ್ಕುದು. ಕೆಡೆನ್‌ಲೈವ್, ಶಾಟ್‌ಕಟ್ ಮುಂತಾದ ಉಚಿತ ತಂತ್ರಾಂಶಗಳೇ ಇದನ್ನು ಮಾಡಬಲ್ಲವು. ಕದ್ದ ತಂತ್ರಾಂಶಗಳ ಹಂಗು ಯಾರಿಗೂ ಬೇಕಾಗಿಲ್ಲ. ಮೊಬೈಲಿನಲ್ಲಿ ತೆಗೆದುದಾದರೆ ಇನ್ನೊಂದು ಎಚ್ಚರ: ಅದು ಬೆಳಕಿಗೆ ತಕ್ಕಂತೆ ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನೇ ಬದಲಿಸುವುದುಂಟು. ಅದನ್ನು ಮೊದಲು ಸ್ಥಿರವಾದ 25ಕ್ಕೆ ತಾರದಿದ್ದರೆ ಹಾಡು ಮುಗಿಯುವ ಹೊತ್ತಿಗೆ ದನಿ ಎಲ್ಲಿಯೋ, ತುಟಿ ಎಲ್ಲಿಯೋ ಆಗುವುದು.

ಉಳಿಸುವ ಹೊಣೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳದೆ ಇರಲಾರೆ. ಕೆಲವು ವರ್ಷಗಳ ಹಿಂದೆ ಕಾಗಿಣಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಒಬ್ಬ ವೃದ್ಧರ ಹಾಡನ್ನು ನಾನು ಎರಡು ಗಂಟೆ ಚಿತ್ರಿಸಿದ್ದೆನು. ಅವರ ಮಕ್ಕಳಿಗೆ ಕಳಿಸಲೆಂದು ಚಿಕ್ಕದೊಂದು ಪ್ರತಿ ಮಾಡಿದೆ. ಮೊಬೈಲಿನ ಮೂಲಕ ಹೋಗುವಾಗ ಅದು ಮತ್ತೊಮ್ಮೆ ಕುಗ್ಗಿತು. ಕಾರ್ಡು ಮತ್ತೊಂದು ಸಮಾರಂಭಕ್ಕೆ ಬೇಕಾಯಿತು, ಮೂಲವನ್ನು ಅಳಿಸಿದೆನು. ಮರುವರ್ಷ ಅವರು ತೀರಿಕೊಂಡರು. ಇಂದು ಉಳಿದಿರುವುದು ಅಂಗೈಯಗಲದ ಮಸುಕು ಚಿತ್ರ, ಅದೂ ನಾಲ್ಕು ಹಾಡುಗಳದು ಮಾತ್ರ. ಅವರ ಮಗ ಇಂದಿಗೂ ನನ್ನನ್ನು ಕಂಡಾಗ, "ಉಳಿದ ಹಾಡು ಎಲ್ಲಿ ಅವರಿ ಸರ್?" ಎಂದು ಕೇಳುತ್ತಾರೆ.

ಈ ಬಗೆಯ ನಷ್ಟ ದೊಡ್ಡವರಿಗೂ ತಪ್ಪಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಪ್ರತಿ ಇಂದು ಲಭ್ಯವಿಲ್ಲ. ಉಳಿದಿದ್ದರೂ ಓದುವ ಯಂತ್ರ ಇಲ್ಲವಾಗುವುದು ಇನ್ನೊಂದು ಆಪತ್ತು. ಮನೆಮನೆಯ ಮದುವೆಗಳನ್ನು ಹಿಡಿದಿಟ್ಟ ವಿ.ಎಚ್.ಎಸ್. ಸುರುಳಿಗಳ ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನೈ ಸಂಸ್ಥೆ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಅಟ್ಟದ ಮೇಲೆ ಅಂಥ ಸುರುಳಿಗಳಿರುವವರು ಈಗಲೇ ಅವನ್ನು ಅಂಕೀಯ ರೂಪಕ್ಕೆ ತಂದುಕೊಳ್ಳುವುದು ಲೇಸು.

ಪರಿಹಾರ ಸರಳವಾದುದು. ಮೂಲದ ಮೂರು ಪ್ರತಿಗಳು. ಅವು ಎರಡು ಬಗೆಯ ಸಾಧನಗಳಲ್ಲಿ. ಅವುಗಳಲ್ಲೊಂದು ಬೇರೆ ಊರಿನಲ್ಲಿ. ಪ್ರತಿ ಮಾಡಿದ ಮೇಲೆ ಎರಡೂ ಒಂದೇ ಎಂದು ತಂತ್ರಾಂಶದ ಪರಿಶೀಲನ ಸಂಖ್ಯೆಯಿಂದ ತಾಳೆನೋಡಿದ ಹೊರತು ಕಾರ್ಡನ್ನು ಅಳಿಸಕೂಡದು. ಹಾಡಿದವರ ಹೆಸರು, ಊರು, ದಿನ, ಹಾಡಿನ ಮೊದಲ ನುಡಿ ಇವನ್ನು ಅಂದೇ ಬರೆದಿಡಬೇಕು. ಅವರ ಒಪ್ಪಿಗೆಯಿಲ್ಲದೆ ಯಾರಿಗೂ ಹಂಚಕೂಡದು. ಹತ್ತು ಗಂಟೆಗಳ ಎಚ್.ಡಿ. ಮೂಲಕ್ಕೆ ಬೇಕಾದ ಸ್ಥಳ 108 ಗಿಗಾಬೈಟ್. ಸೆಕೆಂಡಿಗೆ 10 ಕೋಟಿ ಬಿಟ್ಟುಗಳ 4ಕೆಯಾದರೆ 450. ಮೂರು ಪ್ರತಿಗಳನ್ನಿಡುವ ಶಕ್ತಿಯಿಲ್ಲದವನು 4ಕೆಯನ್ನು ಆರಿಸುವುದೆಂದರೆ ತಾನು ಉಳಿಸಲಾರದುದನ್ನು ಕೂಡಿಸುವುದೆಂದೇ ಅರ್ಥ.

ಆ ತರುಣರಿಗೆ ನಾನು ಕೊಟ್ಟ ಸಲಹೆ ಇಷ್ಟು: ಇರುವ ಹಣದಲ್ಲಿ ಅರ್ಧವನ್ನು ಮಾತ್ರ ಕ್ಯಾಮರಾಕ್ಕೆ ಕೊಡಿ, ಉಳಿದುದನ್ನು ಮೈಕ್ರೊಫೋನು, ಗಟ್ಟಿಯಾದ ಮುಕ್ಕಾಲಿ, ಒಂದು ದೀಪ ಮತ್ತು ಪ್ರತಿಗಳನ್ನಿಡುವ ಡಿಸ್ಕುಗಳಿಗೆ ಹಂಚಿರಿ. ಅವರು ಅರೆಮನಸ್ಸಿನಿಂದಲೇ ಒಪ್ಪಿದರು. ದೊಡ್ಡ ಸಂಖ್ಯೆಯನ್ನು ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ. ಮೂರು ತಿಂಗಳ ತರುವಾಯ ಅವರು ದಾಖಲಿಸಿ ತಂದ ಹಾಡನ್ನು ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲೆ ನೋಡಿದೆವು. ದಮ್ಮಡಿಯ ಮೇಲೆ ಬೆರಳು ಬೀಳುವುದೂ ಸದ್ದು ಕೇಳುವುದೂ ಒಂದೇ ಕ್ಷಣದಲ್ಲಿತ್ತು. ಪದದ ಒಂದೊಂದು ಅಕ್ಷರವೂ ತಿಳಿಯುತ್ತಿತ್ತು.

ವಿಜ್ಞಾನವನ್ನು ಕಲಿಸುವ ಶಾಲೆ ಕಾಲೇಜುಗಳು ಇಂಥ ಕೆಲಸವನ್ನು ತಮ್ಮದಲ್ಲವೆಂದು ಭಾವಿಸಬಾರದು. ಬೆಳಕು, ಶಬ್ದ, ಆವರ್ತನ, ಅಳತೆ ಇವೆಲ್ಲ ನಮ್ಮ ಪಾಠಗಳೇ. ಒಂದು ಕಪಾಟು, ಮೂರು ಡಿಸ್ಕು, ಒಂದು ನೋಂದಣಿ ಪುಸ್ತಕ ಇಷ್ಟನ್ನು ಪ್ರತಿಯೊಂದು ಕಾಲೇಜೂ ಇಟ್ಟುಕೊಂಡು, ಸುತ್ತಲಿನ ಹಳ್ಳಿಗಳವರು ತಂದುಕೊಟ್ಟ ದಾಖಲೆಗಳನ್ನು ಕಾಪಾಡುವುದಾದರೆ ಅದಕ್ಕೆ ಸರ್ಕಾರದ ಅಪ್ಪಣೆಗಾಗಿ ಕಾಯಬೇಕಾದುದಿಲ್ಲ. ಮುಂದಿನ ಬೇಸಗೆಗೆ ಮುನ್ನ ಈ ಕಾರ್ಯವನ್ನು ಆರಂಭಿಸಬೇಕೆಂದು ನನ್ನ ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ.